ಗಾಳಿ ಬಂತು, ರಾಶಿ ಬರಲಿಲ್ಲ

ಕಳೆದ ವಾರ ನಾನು ಹುರಳಿ ಒಕ್ಕಿದೆ. ಕೂತಲ್ಲೇ ಒಕ್ಕಿದೆ. ಅದಕ್ಕೆ ಟಿಕೆಟ್ ಬೇರೆ ತೆಗೆಸಿದ್ದೆ.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ಆಚೀಚೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆ ಬಸ್ ಹತ್ತಿದವರೆಲ್ಲ ಈ ಕೆಲಸ ಮಾಡಿದವರೇ. ಹೊರಗಿನವರಿಗಾಗಿ ಹೇಳುತ್ತೇನೆ (ದೂರದೂರಿನಿಂದ ಪತ್ರ ಬರೆದು ತಪ್ಪು ಹುಡುಕುವ ಕೆಲವರಿದ್ದಾರೆ). ಹೊಲದಿಂದ ಕಿತ್ತು ತಂದ ಹುರಳಿ ಗಿಡವನ್ನು ಟಾರ್ ರಸ್ತೆಯ ಮೇಲೆ ಉದ್ದಕ್ಕೆ ಹರಡುತ್ತಾರೆ. ಬಸ್ಸು, ಲಾರಿ, ಟೆಂಪೊ ಅದರ ಮೇಲೆ ಹಾದು ಹೋಗುತ್ತವೆ. ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆಗೆ ಹೊಟ್ಟು ಬೇರೆ, ಕಾಳು ಬೇರೆ. ಚಾಲಕನಿಗೆ ಸಂಬಳ ಸರಕಾರದ್ದು, ಡೀಸೆಲ್ ಸರಕಾರದ್ದು, ಹುರಳಿ ಮಾತ್ರ ನಮ್ಮದು.

ನಮ್ಮ ಬಸ್ಸು ಕೂಡ್ಲಿಗಿ ದಾಟಿ ಹೊಸಹಳ್ಳಿ ಕಡೆ ಹೊರಟಿತ್ತು. ಹುರಳಿ ಹಾಸಿಗೆಯ ಮೇಲೆ ಮೆತ್ತಗೆ ತೇಲಿದ ಹಾಗಾಯಿತು. ಆಮೇಲೆ ಒಂದು ಕಡೆ ಎಳೆಯಿತು. ಆಮೇಲೆ ಸುಟ್ಟ ವಾಸನೆ. ಬಳ್ಳಿಯೆಲ್ಲ ಹಿಂದಿನ ಚಕ್ರದ ಅಚ್ಚಿಗೆ ಸುತ್ತಿಕೊಂಡು ಬಸ್ಸು ನಿಂತಿತು.

ಕಂಡಕ್ಟರ್ ಇಳಿದ. ಬಗ್ಗಿ ನೋಡಿದ. ರಸ್ತೆಯ ಪಕ್ಕ ಕವೆಗೋಲು ಹಿಡಿದು ನಿಂತಿದ್ದ ಹುರಳಿಯ ಯಜಮಾನನಿಗೆ ಕೇಳಿದ, "ಏನೋ ಯಪ್ಪಾ, ಸರಕಾರಿ ಬಸ್ಸೇನು ನಿಮ್ಮನಿ ಎತ್ತೇನು?"

"ಎತ್ತಾದ್ರ ಮೇವು ಹಾಕಬೇಕ್ರಿ," ಎಂದ ಯಜಮಾನ. "ನಿಮಗ ಆ ಖರ್ಚೂ ಇಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲಿಲ್ಲ. ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ. ಹೈಸ್ಕೂಲಿನಲ್ಲಿ ಸರ್ವಿಸ್ ಪೂರ್ತಿ ಸೀಟಿ ಊದಿ ಡ್ರಿಲ್ ಮಾಡಿಸಿದವಳು. ಬಸ್ಸು ಹೊತ್ತಿಗೆ ಹೊರಡಬೇಕು, ಹೊತ್ತಿಗೆ ಮುಟ್ಟಬೇಕು. ನಿವೃತ್ತಿಯಾದ ಮೇಲೂ ಜಗತ್ತು ಸಾಲಾಗಿ ನಿಲ್ಲಬೇಕು ಅನ್ನುವ ಆಸೆ ಹೋಗಿಲ್ಲ.

ಯಜಮಾನನ ಹೆಂಡತಿ ಕುಡುಗೋಲು ತಂದು ಚಕ್ರದ ಹತ್ತಿರ ಕೂತು ಬಳ್ಳಿ ಕೊಯ್ಯತೊಡಗಿದಳು. ಕೊಯ್ಯುತ್ತಲೇ ಡ್ರೈವರ್‌ಗೆ ಹೇಳಿದಳು, "ಬಿಡಿಸಿದ ಮ್ಯಾಲೆ ಹಂಗ ಹೋಗಿಬಿಡಬ್ಯಾಡ್ರಿ. ಒಂದೀಟು ಹಿಂದಕ ಮುಂದಕ ಹೊಡೀರಿ. ಇನ್ನಾ ಕಾಯಿ ಉಳದಾವ."

ಅವಳು ತಲೆ ಎತ್ತಿದಾಗ ಗುರುತು ಸಿಕ್ಕಿತು. ಹನುಮಕ್ಕ. ಗಂಡ ದುರುಗಪ್ಪ. ಇಬ್ಬರೂ ನನ್ನ ತವರೂರಿನವರೇ. ಅವಳೂ ಕಿಟಕಿಯಲ್ಲಿ ನನ್ನನ್ನು ಕಂಡಳು. "ಅಯ್ಯ, ಅಧ್ಯಕ್ಷರ ಅಕ್ಕಾರು ಬಂದಾರ ನೋಡು," ಎಂದು ಗಂಡನಿಗೆ ಹೇಳಿದಳು. ನಾನು ಇಳಿದು ಉಳಿದ ದಾರಿ ನಡೆದೇ ಹೋದೆ. ಊರು ಅಲ್ಲಿಂದ ಕೂಗಳತೆಯಲ್ಲಿತ್ತು.

ಅವಳು ಅಧ್ಯಕ್ಷರು ಅಂದದ್ದು ನನ್ನ ತಮ್ಮ ಕೊಟ್ರೇಶಿಯನ್ನು. ಒಂದು ಅವಧಿಗೆ ನಮ್ಮೂರ ಗ್ರಾಮ ಪಂಚಾಯಿತಿ ಅಧ್ಯಕ್ಷನಾಗಿದ್ದ. ಈಗ ಮಾಜಿ. ಹಿಂದಿನ ದಿನ ಹಗರಿಬೊಮ್ಮನಹಳ್ಳಿಯ ನನ್ನ ಮನೆಗೆ ಫೋನ್ ಮಾಡಿದ್ದ. "ಅಕ್ಕಾ, ನಾಳೀನ ಬಾ. ಹುಡುಗಿ ಕೈ ಮೀರ್ಯಾಳ."

ಹುಡುಗಿ ಅಂದರೆ ಅವನ ಒಬ್ಬಳೇ ಮಗಳು ಸುಮಂಗಲಾ. ಕೃಷಿ ಪದವಿ ಮುಗಿಸಿ ಅದರ ಮೇಲಿನ ಓದಿಗೆ ಸೇರಿದ್ದಾಳೆ. ಕೈ ಮೀರ್ಯಾಳ ಅಂದರೆ ಯಾರಿಗಾದರೂ ಏನು ಅನಿಸುತ್ತದೆ? ನನಗೂ ಅದೇ ಅನಿಸಿತು. ಯಾರೋ ಹುಡುಗ ಸಿಕ್ಕಿದ್ದಾನೆ. ಬಸ್ಸಿನುದ್ದಕ್ಕೂ ಆ ಹುಡುಗನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧ ಮಾಡಿಕೊಂಡಿದ್ದೆ.

ಹುಡುಗ ಇರಲಿಲ್ಲ. ಇದ್ದದ್ದು ಒಂದು ಸಬ್ಜೆಕ್ಟ್.

ಮೊದಲ ಸೆಮಿಸ್ಟರ್ ಮುಗಿದಿದೆ. ಈಗ ಮುಂದಿನ ಓದಿಗೆ ಸ್ಪೆಷಲೈಸೇಷನ್ ಆರಿಸಿಕೊಳ್ಳಬೇಕು. ಸೋಮವಾರ ಕಾಲೇಜಿನಲ್ಲಿ ಹೇಳಬೇಕು. ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ. ಅಪ್ಪನಿಗೆ ಬೀಜ ವಿಜ್ಞಾನ ಬೇಕು. ಮಗಳಿಗೆ ಬೇಕಾದದ್ದರ ಹೆಸರನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು: ಅಂತಾರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ.

"ಅಂತಾರಾಷ್ಟ್ರೀಯ ಅಂದ್ರ ಇಮಾನ ಹತ್ತಬೇಕೇನ?" ಎಂದಳು ತಮ್ಮನ ಹೆಂಡತಿ ಶಿವಲೀಲಾ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಈಕಿಗೆ ಕೊಟ್ಟೂರು ಬಸ್ಸಿನ್ಯಾಗನ ವಾಂತಿ ಬರತೈತಿ."

"ಇಮಾನ ಬ್ಯಾಡವ್ವಾ. ಬ್ಯಾರೆ ದೇಶದಾಗಿನ ಹಳ್ಳೀನೂ ಓದ್ತೀವಿ, ನಮ್ಮ ಹಳ್ಳೀನೂ ಓದ್ತೀವಿ. ಎರಡೂ ಬಾಜೂಕಿಟ್ಟು ನೋಡ್ತೀವಿ."

"ಹಳ್ಳಿ ಓದಾಕ ಹಳ್ಳಿ ಬಿಟ್ಟು ಹೋಗಬೇಕೇನ?" ತಮ್ಮ ನನ್ನ ಕಡೆ ತಿರುಗಿದ. "ಕೇಳಿದೇನಕ್ಕಾ? ಗ್ರಾಮೀಣಾಭಿವೃದ್ಧಿ ಅಂತ. ಅದನ್ನ ಕಲಿಸಾಕ ಯೂನಿವರ್ಸಿಟಿ ಯಾಕ ಬೇಕು? ನಾ ಮಾಡೀನಲ್ಲ. ಉಂಡೀನಲ್ಲ ಅದರ ಊಟ."

ಇಲ್ಲಿ ಸ್ವಲ್ಪ ನಿಂತು ಅವನು ಉಂಡ ಊಟದ ಕಥೆ ಹೇಳಬೇಕು. (ಊರಿನ ಹೆಸರು ಬರೆಯುವುದಿಲ್ಲ. ಗೊತ್ತಿದ್ದವರು ಸುಮ್ಮನಿರಿ.)

ಅಧ್ಯಕ್ಷನಾದಾಗ ಕೊಟ್ರೇಶಿ ನಿಜವಾಗಿ ಹುರುಪಿನಿಂದಿದ್ದ. ರಸ್ತೆಯಲ್ಲಿ ಒಕ್ಕಣೆ ಮಾಡುವುದನ್ನು ನೋಡಿ ಅವನಿಗೆ ಸಂಕಟ. ಕಾಳಿಗೆ ಕಲ್ಲು ಸೇರುತ್ತದೆ, ಬೈಕು ಜಾರುತ್ತದೆ, ಡ್ರೈವರ್‌ಗಳಿಂದ ಬೈಗುಳ. ಇದಕ್ಕೆಲ್ಲ ಒಂದೇ ಉತ್ತರ ಅಂತ ಊರ ನಡುವೆ, ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ, ಎಲ್ಲರಿಗೂ ಸೇರಿದ ದೊಡ್ಡ ಸಿಮೆಂಟ್ ಕಣ ಕಟ್ಟಿಸಿದ. ನಾನೂ ನೋಡಿದ್ದೇನೆ. ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ಅಂಗಳಕ್ಕಿಂತ ಸಮತಟ್ಟಾಗಿತ್ತು. ಉದ್ಘಾಟನೆಗೆ ವಾದ್ಯ, ಪೂಜೆ, ಊರಿಗೆಲ್ಲ ಸಿಹಿ.

ಆ ವರ್ಷ ಯಾರೂ ಅಲ್ಲಿಗೆ ಬೆಳೆ ತರಲಿಲ್ಲ.

ಗಾಳಿ ಇಲ್ಲ ಅಂದರು. ನಿಜವೇ. ಒಂದು ಕಡೆ ಶಾಲೆಯ ಕಾಂಪೌಂಡು, ಇನ್ನೊಂದು ಕಡೆ ಗೋದಾಮು. ಗಾಳಿಯಿಲ್ಲದೆ ಕಾಳು ತೂರುವುದು ಹೇಗೆ? ಊರು ನಕ್ಕಿತು. ತಮ್ಮ ಹಟಗಾರ (ನಮ್ಮ ಮನೆತನದ ಆಸ್ತಿ ಅದೊಂದೇ). ಹೆಡ್‌ಮಾಸ್ತರರ ಜೊತೆ ಜಗಳಾಡಿ ಕಾಂಪೌಂಡಿನ ಗೋಡೆಯನ್ನು ಒಂದು ಮಗ್ಗುಲು ಪೂರ್ತಿ ಕೆಡವಿಸಿದ. ಗಾಳಿ ಬಂತು. ರಾಶಿ ಬರಲಿಲ್ಲ.

ಈಗ ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಹೆಂಗಸರು ಹಪ್ಪಳ ಒಣಗಿಸುತ್ತಾರೆ. ಮದುವೆಯ ಒಲೆ ಹೂಡುತ್ತಾರೆ. ಮುಂದಿನ ಚುನಾವಣೆಯಲ್ಲಿ ಎದುರಾಳಿ ಅದೇ ಕಣದ ಮೇಲೆ ನಿಂತು ಭಾಷಣ ಮಾಡಿದ, ಗೆದ್ದ. ಅಂದಿನಿಂದ ನನ್ನ ತಮ್ಮನ ಹೆಸರು ಕಣದ ಕೊಟ್ರೇಶಿ. ಎದುರಿಗೆ ಅಧ್ಯಕ್ಷರು, ಬೆನ್ನ ಹಿಂದೆ ಕಣ.

ಇಂಥವನ ಮಗಳು ಬಂದು ಗ್ರಾಮೀಣಾಭಿವೃದ್ಧಿ ಓದುತ್ತೇನೆ ಅಂದರೆ?

ನಾನು ತಮ್ಮನ ಪಕ್ಷವನ್ನೇ ವಹಿಸಿದೆ. ಮುಚ್ಚಿಡುವುದೇನು, ನನಗೂ ಬೀಜ ವಿಜ್ಞಾನವೇ ಒಳ್ಳೆಯದು ಅನಿಸಿತ್ತು. ಬೀಜಕ್ಕೆ ಒಂದು ಶಿಸ್ತು ಇದೆ. ಮೊಳೆಯುತ್ತದೆ ಅಥವಾ ಮೊಳೆಯುವುದಿಲ್ಲ. ಕಂಪನಿಗಳಿವೆ, ಲ್ಯಾಬ್ ಇದೆ, ಹೊತ್ತಿಗೆ ಸರಿಯಾದ ಕೆಲಸ ಇದೆ. ಹಳ್ಳಿಯ ಅಭಿವೃದ್ಧಿಗೆ ಏನಿದೆ? ಮೊಳೆಯಿತೋ ಇಲ್ಲವೋ ಅಂತ ಗೊತ್ತಾಗುವುದಕ್ಕೇ ಒಂದು ಚುನಾವಣೆ ಬೇಕು. ಇದನ್ನೆಲ್ಲ ಊಟಕ್ಕೆ ಕೂತಾಗ ಸುಮಂಗಲಾಳಿಗೆ ಒಂದರ ಹಿಂದೆ ಒಂದು ಹೇಳಿದೆ. ಅವಳು ಹುರಳಿ ಸಾರಿನಲ್ಲಿ ರೊಟ್ಟಿ ಅದ್ದುತ್ತ ಪೂರ್ತಿ ಕೇಳಿದಳು.

ಆಮೇಲೆ ಕೇಳಿದಳು, "ಅತ್ತಿ, ಸಾಲ್ಯಾಗ ನೀ ಸೀಟಿ ಊದಿದ ಮ್ಯಾಲೆ ಒಬ್ಬಾಕಿ ಓಡದಿದ್ರ ಏನ್ ಮಾಡ್ತಿದ್ದಿ?"

"ಶಿಕ್ಷೆ ಕೊಡ್ತಿದ್ದೆ."

"ಕ್ಲಾಸಿಗೆ ಕ್ಲಾಸೇ ಓಡದಿದ್ರ?"

ನಾನು ಸಾರು ಬಡಿಸಿಕೊಂಡೆ. ಕ್ಲಾಸಿಗೆ ಕ್ಲಾಸೇ ಓಡದಿದ್ದರೆ ತಪ್ಪು ಹುಡುಗಿಯರಲ್ಲಿ ಇರುವುದಿಲ್ಲ. ಮೈದಾನದಲ್ಲಿ ಮುಳ್ಳಿರಬಹುದು. ಅದನ್ನು ನೋಡದೆ ಸೀಟಿ ಊದುತ್ತಲೇ ಇದ್ದರೆ ಊದುವವಳ ಕೆನ್ನೆ ನೋಯುತ್ತದೆ, ಅಷ್ಟೇ.

"ಬೀಜ ಚಲೋ ಐತಿ ಅತ್ತಿ," ಎಂದಳು. "ಆದ್ರ ನಮ್ಮೂರಾಗ ಕಣ ಸೋತಿದ್ದು ಬೀಜ ಸರಿ ಇಲ್ಲ ಅಂತ ಅಲ್ಲ. ಸಿಮೆಂಟೂ ಸರಿ ಐತಿ. ಊರಿಗೆ ಊರೇ ಯಾಕ ಬರಲಿಲ್ಲ? ನನಗ ಇದನ್ನ ಓದಬೇಕಾಗೈತಿ."

ಅವಳ ಕಾಲೇಜಿನ ಲೈಬ್ರರಿಯಲ್ಲಿ ಒಂದು ಪುಸ್ತಕ ನೋಡಿದಳಂತೆ. ಆಫ್ರಿಕಾದ ಯಾವುದೋ ಒಣ ದೇಶದ ಚಿತ್ರ. ಹೆಂಗಸರು ಟಾರ್ ರಸ್ತೆಯ ಮೇಲೆ ಸಜ್ಜೆ ತೆನೆ ಹರಡಿದ್ದಾರೆ. ಎದುರಿಗೆ ಲಾರಿ ಬರುತ್ತಿದೆ. ಒಬ್ಬಳು ಹೊದ್ದ ಬಟ್ಟೆಯನ್ನು ಸೆರಗಿನ ಹಾಗೆ ಬಾಯಿಗೆ ಹಿಡಿದು ಧೂಳಿನಲ್ಲಿ ನಿಂತಿದ್ದಾಳೆ.

"ನಮ್ಮ ರಸ್ತಿ ಅಂತ ತಿಳಕೊಂಡು ಹನುಮಕ್ಕ ಎಲ್ಲಿ ಅದಾಳ ಅಂತ ಹುಡುಕಿದೆ," ಎಂದಳು. "ಆಮ್ಯಾಲೆ ಅನ್ನಿಸ್ತು. ಆ ಊರಾಗೂ ಒಂದು ಖಾಲಿ ಸಿಮೆಂಟ್ ಕಣ ಇರಬೇಕು. ಅಲ್ಲಿಯ ಅಧ್ಯಕ್ಷನ ಮಗಳೂ ಎಲ್ಲೋ ಕುಂತು ಓದತಿರಬೇಕು."

"ಓದ್ಲಿ ಬಿಡು," ಎಂದ ತಮ್ಮ. "ಅಲ್ಲಿದು ಆಕಿ ನೋಡ್ಕೊಳ್ತಾಳ. ನೀ ಬೀಜ ತಗೋ." ತಾಟಿನಲ್ಲೇ ಕೈ ತೊಳೆದು ಎದ್ದುಹೋದ.

ನಾನು ಆ ಹುಡುಗಿಯನ್ನು ಚಿಕ್ಕಂದಿನಿಂದ ಬಲ್ಲೆ. ಅತ್ತು ಕೇಳುವವಳಲ್ಲ, ಮುನಿದು ಕೇಳುವವಳಲ್ಲ. ಅಪ್ಪ ಎದ್ದುಹೋದ ಮೇಲೆ ಅವನ ತಾಟನ್ನೂ ತನ್ನ ತಾಟನ್ನೂ ಜೋಡಿಸಿ ಎತ್ತುತ್ತ ಹೇಳಿದಳು, "ಕೇಳದನ ಕಾಲೇಜಿನ್ಯಾಗ ಹೇಳಿಬಿಡಬಹುದಿತ್ತು ಅತ್ತಿ. ಆ ಮ್ಯಾಲೆ ಊರಿಗೆ ಬಂದು ಸುದ್ದಿ ಹೇಳಿದ್ರ ಮುಗೀತಿತ್ತು. ಹಂಗ ಮಾಡಾಕ ಮನಸ್ಸು ಬರಲಿಲ್ಲ. ಕಣ ಅಪ್ಪಂದು."

ಆಗ ನಾನು ತೀರ್ಮಾನ ಮಾಡಿದೆ. ಬೀಜದ ಪರ ಅಲ್ಲ, ಹಳ್ಳಿಯ ಪರವೂ ಅಲ್ಲ. ಯಾವ ಪಕ್ಷಕ್ಕೆ ತೀರ್ಪು ಕೊಡುವ ಮೊದಲೂ ಮೈದಾನ ನೋಡಬೇಕು. ನನ್ನ ಕೆಲಸದಲ್ಲಿ ಅದೊಂದು ನಿಯಮ.

ಮರುದಿನ ಬೆಳಿಗ್ಗೆ ನನ್ನ ವಾಕಿಂಗ್ ಹೊತ್ತಿಗೆ ತಮ್ಮನ ಹೊದಿಕೆ ಎಳೆದೆ. "ಏಳು ಕೊಟ್ರೇಶಿ."

"ಎಲ್ಲಿಗಕ್ಕಾ?"

"ರಸ್ತೆಗೆ."

"ನಾ ಒಲ್ಲೆ."

"ನಿನಗ ಯಾರು ಕೇಳ್ಯಾರ? ಚಪ್ಪಲಿ ಹಾಕ್ಕೋ."

ಮಾಜಿ ಅಧ್ಯಕ್ಷರು ಚಪ್ಪಲಿ ಹಾಕಿಕೊಂಡರು. ಅಕ್ಕನ ಮಾತಿಗೆ ಏಳುವ ಅಭ್ಯಾಸ ಪಂಚಾಯಿತಿಗಿಂತ ಹಳೆಯದು. ಸುಮಂಗಲಾ ಹಿಂದೆಯೇ ಬಂದಳು.

ರಸ್ತೆಯಲ್ಲಿ ದುರುಗಪ್ಪ, ಹನುಮಕ್ಕ ಆಗಲೇ ಹೊಸ ಹಾಸು ಹರಡುತ್ತಿದ್ದರು. ನಮ್ಮ ಮೂವರನ್ನು ಒಟ್ಟಿಗೆ ನೋಡಿ ದುರುಗಪ್ಪನ ಕೈ ನಿಂತಿತು. ಕೇಸು ಹಾಕುವುದಕ್ಕೆ ಬಂದವರ ಹಾಗೆ ಕಂಡಿರಬೇಕು.

"ನಾ ಕೇಳಂಗಿಲ್ಲ ಅಪ್ಪಾ," ಎಂದಳು ಸುಮಂಗಲಾ ಮೆಲ್ಲಗೆ. "ನೀನ ಕೇಳು. ಬೈಬ್ಯಾಡ. ಬರೇ ಕೇಳು."

ಕೊಟ್ರೇಶಿ ಗಂಟಲು ಸರಿಮಾಡಿಕೊಂಡ. ಭಾಷಣಕ್ಕೆ ಮೊದಲು ಹೀಗೇ ಮಾಡುತ್ತಿದ್ದ. ಆಮೇಲೆ ನೆಲ ನೋಡುತ್ತ ಕೇಳಿದ, "ಏನಿಲ್ಲ ದುರುಗಪ್ಪ. ಅಲ್ಲಿ ಕಣ ಇತ್ತಲ್ಲ. ನೀವ್ಯಾಕ ಬರಲಿಲ್ಲ ಅಂತ."

ಯೋಚಿಸಿ ನೋಡಿ. ಕಣ ಕಟ್ಟುವ ಮೊದಲು ಅವನು ಎಂಜಿನಿಯರನ್ನು ಕೇಳಿದ್ದ. ಕಟ್ಟಿದ ಮೇಲೆ ಗೆಳೆಯರನ್ನು ಕೇಳಿದ್ದ. ಸೋತ ಮೇಲೆ ದೇವರನ್ನೂ ಕೇಳಿರಬೇಕು. ಹುರಳಿ ಬೆಳೆದವರನ್ನು ಕೇಳಿದ್ದು ಇದೇ ಮೊದಲು.

"ಗಾಳಿ ಇರಲಿಲ್ಲಲ್ರಿ," ಎಂದಳು ಹನುಮಕ್ಕ.

"ಗ್ವಾಡಿ ಕೆಡವಿದ್ನಲ್ಲವಾ."

"ಹೌದ್ರಿ, ಕೆಡವಿದ್ರಿ." ಅವಳು ಗಂಡನ ಮುಖ ನೋಡಿದಳು.

"ಬಾಡಿಗಿ ಯಾರು ಕೊಡಬೇಕ್ರಿ?" ಎಂದ ದುರುಗಪ್ಪ. "ಕಣಕ್ಕ ಒಯ್ದ್ರ ತುಳಿಸಾಕ ಟ್ಯಾಕ್ಟರ್ ತರಬೇಕು. ಇಲ್ಲಿ ಬಸ್ಸು ಪುಗಸಟ್ಟೆ."

"ಬಾಡಿಗಿ ಅಲ್ಲ ಬಿಡು," ಎಂದಳು ಹನುಮಕ್ಕ. "ನಮ್ಮಣ್ಣ ಟ್ಯಾಕ್ಟರ್ ಕೊಡ್ತೀನಿ ಅಂದಿದ್ದ. ಬಾಡಿಗಿ ಬ್ಯಾಡ ಅಂದಿದ್ದ. ಆದ್ರೂ ನೀ ಒಯ್ಯಲಿಲ್ಲ."

"ನಾ ಒಯ್ಯಲಿಲ್ಲೋ, ನೀ ಬ್ಯಾಡ ಅಂದ್ಯೋ?"

"ನಾ ಬ್ಯಾಡ ಅಂದಿದ್ದು ಬ್ಯಾರೆ ಮಾತಿಗೆ."

"ಅದ ಮಾತು ಹೇಳು ಮತ್ತ, ಅಧ್ಯಕ್ಷರು ನಿಂತಾರ."

ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹೇಳಲೋ ಬೇಡವೋ ಅನ್ನುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಹೇಳಿದಳು. "ಕಣಕ್ಕ ಬಂದವರನ್ನ ಬರಿಗೈಲೆ ಕಳಿಸಬಾರದಲ್ರಿ ಅಕ್ಕಾರ. ಹೊಲದಾಗ ನಮ್ಮ ಕಣ ಇದ್ದಾಗ ಬರೋರು ಬರ್ತಿದ್ರು, ಒಂದೊಂದು ಮೊರ ಹಾಕಿ ಕಳಿಸ್ತಿದ್ವಿ. ಇದು ಊರ ನಡುಕ ಐತಿ. ಅಲ್ಲಿ ರಾಶಿ ಹಾಕಿದ್ರ ಊರೆಲ್ಲ ನೋಡತೈತಿ, ಊರೆಲ್ಲ ಬರತೈತಿ. ಬಂದೋರಿಗೆ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಕೊಟ್ಟು ಮನಿಗೆ ಏನು ಒಯ್ಯಲಿ?"

"ರಸ್ತ್ಯಾಗೂ ಎಲ್ಲರೂ ನೋಡ್ತಾರಲ್ಲ?" ಎಂದೆ ನಾನು.

"ಬಸ್ಸಿನ್ಯಾಗಿನವರು ನನ್ನ ಹುರಳಿ ನೋಡಿ ಏನ್ ಮಾಡ್ತಾರ್ರಿ? ಹಡಗಲಿಗೆ ಹೋಗೋರು ಹಡಗಲಿಗೆ ಹೋಗ್ತಾರ. ಮತ್ತ, ರಸ್ತಿ ಕಣ ಅಲ್ಲಲ್ರಿ. ಇಲ್ಲಿ ಯಾರೂ ಮೊರ ಹಿಡಕೊಂಡು ಬರಂಗಿಲ್ಲ. ಬಂದ್ರೂ ಇಲ್ಲ ಅನಬಹುದು. ಅಲ್ಲಿ ಅಧ್ಯಕ್ಷರು ಪೂಜಿ ಮಾಡಿಸಿಬಿಟ್ರು."

ನಾನು ತಮ್ಮನ ಕಡೆ ನೋಡಿದೆ. ಅವನು ದಾರಿ ತಪ್ಪಿದವನ ಹಾಗೆ ನಿಂತಿದ್ದ. "ಪೂಜಿ ಮಾಡಿಸಿದ್ದ ತಪ್ಪಾತೇನ?" ಎಂದ.

"ತಪ್ಪಲ್ರಿ," ದುರುಗಪ್ಪ ನಡುವೆ ಬಂದ. "ಈಕಿ ಮಾತು ಕೇಳಬ್ಯಾಡ್ರಿ. ನನಗ ಹೇಸಿಕಿ ಆಗೋದು ಬ್ಯಾರೆ. ಪೂಜಿ ಆದ ಜಾಗದಾಗ ಹುಡುಗ್ರು ಚಪ್ಪಲಿ ಮೆಟ್ಟಿ ಕ್ರಿಕೆಟ್ ಆಡ್ತಾರ. ಅಂಥಲ್ಲಿ ರಾಶಿ ಹ್ಯಾಂಗ ಹಾಕೋದು? ಪೂಜಿ ಮಾಡಬಾರದಿತ್ತು, ಇಲ್ಲಾ ಕ್ರಿಕೆಟ್ ಆಡಿಸಬಾರದಿತ್ತು."

"ರಸ್ತಿ ಮ್ಯಾಲೆ ಕುರಿ ಹೋಗ್ತಾವ, ಅದಕ್ಕ ಹೇಸಿಕಿ ಇಲ್ಲೇನು ನಿನಗ?" ಎಂದಳು ಹನುಮಕ್ಕ.

"ಕುರಿ ಚಪ್ಪಲಿ ಹಾಕ್ಕೊಂಡಿರಂಗಿಲ್ಲ."

ಗಂಡ ಹೆಂಡತಿಯ ನಡುವೆ ಒಂದು ಹುರಳಿ ಬೆಳೆಗೆ ಎಷ್ಟೊಂದು ಕಾರಣ. ಗಾಳಿ, ಬಾಡಿಗೆ, ಊರ ಕಣ್ಣು, ಪೂಜೆ, ಚಪ್ಪಲಿ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ನಿಜವಾದ ಕಾರಣ ಯಾವುದು? ನನ್ನನ್ನು ಕೇಳಬೇಡಿ. ನಾನು ಹೊರಟಾಗಲೂ ಅವರು ಅದಕ್ಕೇ ಜಗಳಾಡುತ್ತಿದ್ದರು.

ಅಷ್ಟರಲ್ಲಿ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್ ಬಂತು. ಹುರಳಿ ಹಾಸಿನ ಮೇಲೆ ಏರಿದ್ದೇ ಹಿಂದಿನ ಚಕ್ರ ಬಾಲ ಬೀಸಿತು. ಸವಾರ ಎರಡೂ ಕಾಲು ನೆಲಕ್ಕೆ ಕೊಟ್ಟು ಹೇಗೋ ಬದುಕಿಕೊಂಡ. ಹಾಲು ಚೆಲ್ಲಿತು. ಅವನು ಬೈದ ಬೈಗುಳವನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ. ಹೋದ ವರ್ಷ ಇದೇ ತಿರುವಿನಲ್ಲಿ ಹೀಗೇ ಜಾರಿದ ಒಬ್ಬರು ಭುಜ ಮುರಿದುಕೊಂಡಿದ್ದರು. ಇನ್ನೂ ಆ ಕೈ ಪೂರ್ತಿ ಮೇಲೆ ಏಳುವುದಿಲ್ಲ.

"ಇದೂ ಐತಿ ಅಪ್ಪಾ," ಎಂದಳು ಸುಮಂಗಲಾ. "ಹನುಮಕ್ಕ ಹೇಳಿದ್ದು ಖರೇ ಐತಿ ಅಂತ ರಸ್ತಿ ಸರಿ ಆಗಂಗಿಲ್ಲ. ನೀ ಅಂದಿದ್ದು ಸುಳ್ಳಲ್ಲ. ಕಣ ಬೇಕು. ಎಂಥದ್ದು ಬೇಕು, ಎಲ್ಲಿ ಬೇಕು, ಯಾರ ಕೈಯಾಗಿರಬೇಕು, ಅದಕ್ಕ ಕಣ ಅಂತ ಹೆಸರಿಡಬೇಕೋ ಬ್ಯಾಡೋ. ಇದಕ್ಕ ಓದಬೇಕು."

ಈ ಮಾತನ್ನು ಅವಳು ಹನುಮಕ್ಕನ ಎದುರೇ ಹೇಳಿದಳು. ಹನುಮಕ್ಕನಿಗೆ ಅಷ್ಟು ಇಷ್ಟವಾಗಲಿಲ್ಲ. "ಓದ್ರಿ, ಓದ್ರಿ," ಎಂದಳು. "ಓದಿ ಮುಗಿಯೋ ಮಟ ರಸ್ತಿ ಅಗಿಸಬ್ಯಾಡ್ರಿ."

ನಮ್ಮ ಸೀಮೆಯಲ್ಲಿ ನೀವೂ ಓಡಾಡುತ್ತೀರಿ. ಬಸ್ಸೇ ನಿಲ್ಲದ ಕಡೆ ಬಸ್ ತಂಗುದಾಣ ನೋಡಿಲ್ಲವೇ? ಜನ ಅದರಾಚೆ ಬೇವಿನ ಮರದ ಕೆಳಗೆ ನಿಂತಿರುತ್ತಾರೆ. ಕುಳ್ಳು, ಬೆರಣಿ ಒಟ್ಟಿದ ಸಾಮೂಹಿಕ ಶೌಚಾಲಯ ನೋಡಿಲ್ಲವೇ? ಬಟ್ಟೆ ಒಗೆಯಲು ಕಟ್ಟಿದ ಕಟ್ಟೆಯ ಮೇಲೆ ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ, ಹೆಂಗಸರು ಹಳ್ಳಕ್ಕೆ ಹೋಗಿರುತ್ತಾರೆ. ನಾವು ನೋಡುತ್ತೇವೆ, ನಗುತ್ತೇವೆ, ಯಾರು ತಿಂದರೋ ಅನ್ನುತ್ತೇವೆ. ತಿಂದಿರಲೂಬಹುದು. ಆದರೆ ನನ್ನ ತಮ್ಮ ತಿಂದಿರಲಿಲ್ಲ. ಒಂದು ಚಮಚ ಸಿಮೆಂಟೂ ಮನೆಗೆ ತಂದಿರಲಿಲ್ಲ. ಪ್ರಾಮಾಣಿಕನಾಗಿ ಕಟ್ಟಿದ್ದೂ ಖಾಲಿ ಬೀಳುತ್ತದೆ. ಈ ಎರಡನೆಯದಕ್ಕೆ ನಮ್ಮಲ್ಲಿ ಬೈಗುಳವೂ ಇಲ್ಲ, ಪಾಠವೂ ಇಲ್ಲ.

ಪಾಠ ಎಲ್ಲೋ ಇದೆ ಅಂತ ಹುಡುಗಿ ಹೇಳುತ್ತಿದ್ದಾಳೆ. ಬೀಜದ ಮಾತನ್ನು ನಾನು ದಾರಿಯಲ್ಲೇ ಹಿಂದಕ್ಕೆ ತೆಗೆದುಕೊಂಡೆ. ತಮ್ಮನಿಗೆ ಹೇಳಿಯೂ ಬಿಟ್ಟೆ. "ನೀ ಕರೆಸಿದ್ದಿ, ಬಂದೆ. ನೋಡಿದೆ. ನನ್ನ ವೋಟು ಆಕಿಗೆ."

ಅವನು ನಡೆಯುತ್ತಲೇ ಇದ್ದ. ಊರ ಬಾಗಿಲಿಗೆ ಬಂದ ಮೇಲೆ, ಕಣ ಕಾಣುವ ಜಾಗದಲ್ಲಿ ನಿಂತ. ಯಾರೋ ಹಪ್ಪಳ ಹರಡಿದ್ದರು. ಆಗ ಬಂತು ಹೊಟ್ಟೆಯೊಳಗಿನ ಮಾತು. ನಮಗೆ ಯಾರಿಗೂ ಹೇಳದೇ ಇದ್ದದ್ದು.

"ಇದನ್ನೆಲ್ಲ ನೀ ಅಲ್ಲಿ ಬರೀತಿ," ಎಂದ ಮಗಳಿಗೆ.

"ಬರೀಬೇಕಾಗತೈತಿ. ಒಂದು ಊರು ತಗೊಂಡು ಬರೀಬೇಕು."

"ಈ ಊರು."

"ಈ ಊರು."

"ಇಂಗ್ಲೀಷಿನ್ಯಾಗ."

"ಹೂಂ."

"ಹೊರದೇಶದವರೂ ಓದ್ತಾರ."

"ಓದಬಹುದು."

"ಇಲ್ಲಿ ನಕ್ಕಿದ್ದು ಸಾಲಲಿಲ್ಲೇನವ್ವಾ?" ಎಂದ. ದನಿ ಏರಿಸಲಿಲ್ಲ. ಅದೇ ಕಷ್ಟ. "ಕಣದ ಕೊಟ್ರೇಶಿ ಅಂತ ಈ ಊರಾಗ ಅಂತಾರ. ಕೂಡ್ಲಿಗ್ಯಾಗ ಅಂತಾರ. ಇನ್ನ ಆಫ್ರಿಕಾದಾಗೂ ಅನಬೇಕ?"

ನನಗೆ ಆಗ ಅರ್ಥವಾಯಿತು. ಅವನು ಬೀಜವನ್ನು ಪ್ರೀತಿಸಿರಲಿಲ್ಲ. ಮಗಳ ಪುಸ್ತಕದಲ್ಲಿ ತಾನೊಂದು ತಪ್ಪಾಗಿ ಉಳಿಯುವುದಕ್ಕೆ ಹೆದರಿದ್ದ. ಯಾರು ಹೆದರುವುದಿಲ್ಲ ಹೇಳಿ? ಊರು ನಕ್ಕರೆ ತಡೆದುಕೊಳ್ಳಬಹುದು. ಮಗಳು ಬರೆದರೆ?

ಸುಮಂಗಲಾ ಅವನ ಕೈ ಹಿಡಿಯಲಿಲ್ಲ, ಸಮಾಧಾನ ಮಾಡಲಿಲ್ಲ. ನೇರ ನಿಂತೇ ಹೇಳಿದಳು. "ನಗಾಕ ಬರಿಯಂಗಿಲ್ಲ ಅಪ್ಪಾ. ಇನ್ನೊಂದು ಊರಾಗ ಇನ್ನೊಬ್ಬ ಕಟ್ಟೋಕಿಂತ ಮೊದಲು ಓದ್ಲಿ ಅಂತ ಬರೀತೀನಿ. ನಿನ್ನ ಬಿಟ್ಟು ಬರದ್ರ ಅದು ಸುಳ್ಳಾಗತೈತಿ. ಊರಿನ ಹೆಸರು ಹಾಕಂಗಿಲ್ಲ, ನಿನ್ನ ಹೆಸರೂ ಹಾಕಂಗಿಲ್ಲ. ಆದ್ರ ಕಣ ಹಾಕ್ತೀನಿ. ಸೋಮವಾರ ನಾ ಇದ ಸಬ್ಜೆಕ್ಟ್ ಹೇಳೋದು. ನಿನ್ನ ಬಾಯಿಲೆ ಹೂಂ ಅನಿಸ್ಕೊಂಡು ಹೇಳಬೇಕು ಅಂತ ಬಂದೀನಿ. ನೀ ಅನ್ನದಿದ್ರೂ ಹೇಳ್ತೀನಿ. ಬಾಳ ಕೆಟ್ಟ ಅನಸತೈತಿ, ಆದ್ರೂ ಹೇಳ್ತೀನಿ."

ಕೊಟ್ರೇಶಿ ಮನೆಯ ಕಡೆ ನಡೆದ. ಹೂಂ ಅನ್ನಲಿಲ್ಲ.

ಭಾನುವಾರದವರೆಗೂ ಅನ್ನಲಿಲ್ಲ. ಮನೆಯಲ್ಲಿ ಮಾತು ಉಪ್ಪು, ನೀರು, ಬಸ್ಸಿನ ಹೊತ್ತು ಅನ್ನುವಷ್ಟಕ್ಕೆ ಇಳಿದಿತ್ತು. ಶಿವಲೀಲಾ ಮಗಳಿಗೆ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. "ಯಾವ ಸಬ್ಜೆಕ್ಟಾದ್ರೂ ಊಟ ಮಾಡಬೇಕಲ್ಲ," ಎಂದಳು. ಆ ಮನೆಯಲ್ಲಿ ಎರಡೂ ಕಡೆಯವರಿಗೆ ಒಪ್ಪಿಗೆಯಾದ ಮಾತು ಅದೊಂದೇ.

ಭಾನುವಾರ ಮಧ್ಯಾಹ್ನ ನಾನು, ಸುಮಂಗಲಾ ಬಸ್ಸಿಗೆ ಹೊರಟೆವು. ಕೊಟ್ರೇಶಿ ಮನೆಯಲ್ಲಿರಲಿಲ್ಲ. ಹುಡುಗಿ ಒಮ್ಮೆ ಹಿತ್ತಲು ನೋಡಿದಳು, ಒಮ್ಮೆ ದನದ ಕೊಟ್ಟಿಗೆ ನೋಡಿದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದಳು. ಹೆಜ್ಜೆ ತಪ್ಪಲಿಲ್ಲ. (ಹೆಜ್ಜೆಯ ವಿಷಯದಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ.)

ಬಸ್ ನಿಲ್ಲುವ ಕಡೆ ಅವನು ಮೊದಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಧ್ಯಕ್ಷನಾಗಿದ್ದಾಗ ತಾಲ್ಲೂಕು ಕಚೇರಿಗೆ ಹೋಗುವ ದಿನ ಹಾಕುತ್ತಿದ್ದಂಥದ್ದು. ಮಗಳ ಚೀಲ ಇಸಿದುಕೊಂಡ. ದೂರದಲ್ಲಿ ಬಸ್ಸಿನ ಧೂಳು ಕಾಣುವವರೆಗೂ ರಸ್ತೆಯನ್ನೇ ನೋಡುತ್ತಿದ್ದ.

"ನಿನ್ನೆ ನಾ ಮತ್ತ ಹೋಗಿದ್ದೆ," ಎಂದ ಆಮೇಲೆ. "ಮ್ಯಾಲಿನ ಓಣಿಗೆ. ಅವರಿಗೂ ಕೇಳಿದೆ, ಯಾಕ ಬರಲಿಲ್ಲ ಅಂತ. ಅವರು ಬ್ಯಾರೇನ ಹೇಳ್ತಾರ. ಕೆಳಗಿನ ಓಣಿಯವರು ತುಳಿಸಿದ ಮ್ಯಾಲೆ ನಾವು ತುಳಿಸಬೇಕೇನ ಅಂತ ಅಂದ್ರು."

ಸುಮಂಗಲಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಇದನ್ನೂ ಹಾಕು. ಬರಿಯೋದಾದ್ರ ಪೂರಾ ಬರಿ. ಗ್ವಾಡಿ ಕೆಡವಿದ್ದೂ ಬರಿ, ಪೂಜಿ ಮಾಡಿಸಿದ್ದೂ ಬರಿ. ಅರ್ಧಕ್ಕ ಬಿಟ್ರ ನಾ ಬರೇ ದಡ್ಡ ಆಗ್ತೀನಿ."

"ಪೂರಾ ಬರದ್ರ?"

"ಪೂರಾ ಬರದ್ರ ಕೈ ಹಚ್ಚಿ ಮಾಡಿದ ದಡ್ಡ." ಬಸ್ಸು ನಿಂತಿತು. ಚೀಲ ಒಳಗೆ ಕೊಟ್ಟ. "ಹೂಂ, ಹತ್ತು. ಮುಂದಿನ ಸೀಟಿನ್ಯಾಗ ಕೂಡು, ವಾಂತಿ ಬರತೈತಿ."

ಆ ಹೂಂ ಬಸ್ಸಿಗೋ ಸಬ್ಜೆಕ್ಟಿಗೋ ಅಂತ ನಾನು ಕೇಳಲಿಲ್ಲ. ಹುಡುಗಿಗೆ ಅನುಮಾನ ಇದ್ದ ಹಾಗೆ ಕಾಣಲಿಲ್ಲ. ಸೋಮವಾರ ಸಂಜೆ ಫೋನ್ ಬಂತು. ಹೆಸರು ಹೇಳಿ ಆಯಿತಂತೆ. ಬೀಜದವರು ತುಂಬಾ ಜನ, ಇದಕ್ಕೆ ಕೆಲವರೇ. ಕೆಲಸ ಸಿಗುವುದು ಕಷ್ಟ ಅಂತ ಅಲ್ಲಿಯ ಮೇಷ್ಟ್ರೇ ಎಚ್ಚರಿಸಿದರಂತೆ. "ಗೊತ್ತೈತ್ರಿ ಅಂದೆ ಅತ್ತಿ," ಎಂದಳು. ಇನ್ನೊಂದು ಮಾತನ್ನೂ ಮೇಷ್ಟ್ರು ಹೇಳಿದ್ದಾರೆ. ಒಂದೇ ಊರು ಸಾಲದು, ಪಕ್ಕದಲ್ಲಿಟ್ಟು ನೋಡಲು ನಮ್ಮ ಸೀಮೆಯ ಇನ್ನೂ ಕೆಲವು ಊರು ಬೇಕು. ಒಳ್ಳೆಯ ಮನಸ್ಸಿನಿಂದ ಕಟ್ಟಿ ಖಾಲಿ ಬಿದ್ದ ಯಾವುದಾದರೂ ಆದೀತು.

ಈ ಅಂಕಣವನ್ನು ನಮ್ಮ ಕಡೆಯ ಮಾಜಿ ಅಧ್ಯಕ್ಷರು ಅನೇಕರು ಓದುತ್ತೀರಿ ಅಂತ ನನಗೆ ಗೊತ್ತು; ಸಾಲಾಗಿ ನಿಂತು ಹೇಳಿ, ಕಣದ ಕೊಟ್ರೇಶಿಯ ಪಕ್ಕದಲ್ಲಿ ಕೈ ಎತ್ತುವವರು ಯಾರು?